ಕವರಿನೊಳಗಿನ ಬಂಗುಡೆ

ಕಾಪು ಪೇಟೆಯ ಸ್ವತಂತ್ರ ಉದ್ಯೋಗ ಮಾರ್ಗದರ್ಶನ ಕೇಂದ್ರವು ಕಾರ್ಯಾರಂಭ ಮಾಡಿ ಹನ್ನೊಂದು ತಿಂಗಳು ಪೂರ್ಣಗೊಂಡಿದ್ದು, ಈ ಅವಧಿಯಲ್ಲಿ ಒಬ್ಬರಿಗೂ ಉದ್ಯೋಗ ದೊರಕದಿರುವುದರಿಂದ ಕೇಂದ್ರದ ಅಗತ್ಯ ಇನ್ನೂ ಇದೆ ಎಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆ. ಆನ್‌ಲೈನಿನಲ್ಲಿ ಬಿಡಿ ಕೆಲಸ ಹುಡುಕುವವರಿಗೆ ಕೇಂದ್ರವು ಲ್ಯಾಪ್‌ಟಾಪ್ ಕೊಡುತ್ತದೆ, ತನ್ನ ಹೆಸರಿನ ಖಾತೆಯನ್ನೂ ಕೊಡುತ್ತದೆ. ಖಾತೆಯ ಪಾಸ್‌ವರ್ಡ್ ಮಾತ್ರ ಮುಖ್ಯಸ್ಥ ಕರುಣಾಕರರ ಬಳಿ ಇರುತ್ತದೆ. ಅದನ್ನೂ ಕೊಟ್ಟರೆ ಜನ ನೇರವಾಗಿ ಕೆಲಸವನ್ನೇ ಹುಡುಕಿಕೊಂಡಾರು ಎಂಬ ದೂರದೃಷ್ಟಿ ಇದರ ಹಿಂದಿದೆ.

ಆಶ್ರಿತಾ ಮೀನು ಮಾರುವ ಅಪ್ಪಿಯ ಮಗಳು. ಅಮ್ಮನ ಬುಟ್ಟಿಯ ಪಕ್ಕ ಕೂತು ನೋಡಿ ನೋಡಿಯೇ ಮೀನಿನ ಚಿತ್ರ ಬರೆಯಲು ಕಲಿತವಳು. ಮಣಿಪಾಲದ ಝೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ಪ್ರಾಜೆಕ್ಟ್ ರಿಪೋರ್ಟಿಗೆ ದಿನವಿಡೀ ಸ್ಪೈರಲ್ ಹಾಕಿ ಅವಳಿಗೆ ಸಾಕುಬೇಕಾಗಿತ್ತು. ಒಂದು ಬುಧವಾರ ವಿದೇಶದ ಪ್ರಕಾಶಕ ಡೀನ್ ಎಂಬವರ ಜಾಹೀರಾತು ಕಣ್ಣಿಗೆ ಬಿತ್ತು. ಮಕ್ಕಳ ಪುಸ್ತಕಕ್ಕೆ ಇಪ್ಪತ್ತು ಮೀನಿನ ಚಿತ್ರ ಬೇಕು, ಕವರ್ ಲೆಟರ್ ಶನಿವಾರದೊಳಗೆ ಕಳಿಸಿ ಎಂದಿತ್ತು. ತನಗಾಗಿಯೇ ಬಂದ ಕೆಲಸ ಇದು ಎಂದು ಅವಳಿಗೆ ಅನಿಸಿತು. ಕೂತಲ್ಲೇ ಬರೆದಳು:

“ನಿಮ್ಮ ಮಾದರಿ ಚಿತ್ರದಲ್ಲಿ ಬಂಗುಡೆಯ ಚುಕ್ಕೆಗಳು ಹೊಟ್ಟೆಯ ಮೇಲಿವೆ. ಅವು ಬೆನ್ನಿನ ಬದಿಯಲ್ಲಿರಬೇಕು. ಸರಿಯಾದ ಮೂರು ಚಿತ್ರ ಇದರೊಂದಿಗಿದೆ. ಇಪ್ಪತ್ತನ್ನೂ ಮೂರು ವಾರದಲ್ಲಿ ಮುಗಿಸಿಕೊಡುತ್ತೇನೆ.”

ಕರುಣಾಕರರು ಸರಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಮೂವತ್ತಾರು ವರ್ಷ ಸವೆಸಿ ನಿವೃತ್ತರಾದವರು. ಆಶ್ರಿತಾ ಕೇಂದ್ರಕ್ಕೆ ತಂದ ಕಾಗದವನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು.

“ಲೆಟರ್ ಉಂಟು. ಕವರ್ ಎಲ್ಲಿ?”

“ಸರ್, ಕವರ್ ಲೆಟರ್ ಅಂದ್ರೆ ಅರ್ಜಿಯ ಜೊತೆ ಬರೆಯುವ ಈ ಕಾಗದವೇ. ಬೇರೆ ಕವರ್ ಬೇಡ.”

“ಎಂತ ಮಾರಾಯ್ತಿ, ಮದುವೆಗೆ ಹೋದರೆ ಬರೀ ನೋಟನ್ನು ಮದುಮಗನ ಕೈಯಲ್ಲಿ ಇಡ್ತೀಯಾ? ಕವರಿಗೆ ಹಾಕಿ ಕೊಡುವುದಲ್ವಾ?”

ಕೇಂದ್ರದ ನಿಯಮ ಏಳರ ಪ್ರಕಾರ ಕಾಗದಕ್ಕೆ ವಿಷಯ, ಉಲ್ಲೇಖ ಹಾಗೂ ‘ಕೃಪೆದೋರಿ’ ಎಂಬ ಪದ ಕನಿಷ್ಠ ಎರಡು ಕಡೆ ಸೇರಿತು. ವಿದೇಶಿ ಗಣ್ಯರ ತಪ್ಪು ಎತ್ತಿ ತೋರಿಸುವುದು ಶಿಷ್ಟಾಚಾರವಲ್ಲವೆಂದು ಬಂಗುಡೆಯ ಚುಕ್ಕೆಗಳು ಹೊಟ್ಟೆಯ ಮೇಲೆಯೇ ಇರಲು ಅನುಮತಿ ಪಡೆದವು. ಚಿತ್ರಗಳ ಸಮೇತ ಕಾಗದವನ್ನು ಕಂದು ಕವರಿಗೆ ಹಾಕಿ, ಅಂಟಿಸಿ, ಅರಗಿನ ಮೊಹರು ಒತ್ತಿ, ನಂಬರು ಬರೆಯಲಾಯಿತು. ಇನ್ನು ಇದನ್ನು ಆನ್‌ಲೈನಿನಲ್ಲಿ ಕಳಿಸುವುದು ಹೇಗೆ ಎಂದು ಅವಳು ಕೇಳಿದಳು. ಕರುಣಾಕರರು ಕವರಿನ ಎರಡೂ ಬದಿಯ ಫೋಟೋ ತೆಗೆದು ಡೀನ್ ಅವರಿಗೆ ಕಳಿಸಿದರು. ಶನಿವಾರ ಸಂಜೆಯ ಗಡುವಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಕೇಂದ್ರದ ಇತಿಹಾಸದಲ್ಲಿ ಇದು ದಾಖಲೆ.

ಅಪ್ಪಿಗೆ ಮಾತ್ರ ಇದು ತಲೆಗೆ ಹೋಗಲಿಲ್ಲ. ಕಿವಿರು ಎತ್ತಿ ಕೆಂಪು ತೋರಿಸದಿದ್ದರೆ ತನ್ನ ಹತ್ತಿರ ಒಂದು ಬೂತಾಯಿ ಮೀನನ್ನೂ ಯಾರೂ ಕೊಳ್ಳುವುದಿಲ್ಲ, ಮುಚ್ಚಿದ ಕವರು ನೋಡಿ ಯಾವ ಪುಣ್ಯಾತ್ಮ ಕೆಲಸ ಕೊಡುತ್ತಾನೆ ಎಂದು ಕೇಳಿದಳು. ಅಪ್ಪಿಗೆ ಕಚೇರಿಯ ಅನುಭವ ಇಲ್ಲ.

ಸೋಮವಾರ ಡೀನ್ ಅವರ ಉತ್ತರ ಬಂತು. ಕವರು ಬಹಳ ಅಂದವಾಗಿದೆ, ಒಳಗೇನಿದೆ ಎಂದು ದಯವಿಟ್ಟು ತಿಳಿಸಿ, ತೀರ್ಮಾನವನ್ನು ಒಂದು ವಾರ ಮುಂದೂಡಿದ್ದೇನೆ ಎಂದಿತ್ತು. ಆಶ್ರಿತಾ ಅಂಗಡಿಗೆ ರಜೆ ಹಾಕಿ ಕೇಂದ್ರಕ್ಕೆ ಓಡಿದಳು.

“ಸರ್, ಒಮ್ಮೆ ಒಡೆದು ತೋರಿಸುವ.”

“ಕವರಿನ ಮೇಲೆ ಯಾರ ಹೆಸರು ಉಂಟು? ನಿನ್ನದಾ, ನನ್ನದಾ?”

“ಅವರದ್ದು.”

“ಬೇರೆಯವರ ಹೆಸರಿನ ಕವರ್ ಒಡೆಯುವುದು ಅಪರಾಧ. ಮೂವತ್ತಾರು ವರ್ಷದಲ್ಲಿ ನಾನು ಒಂದನ್ನೂ ಒಡೆದವನಲ್ಲ.”

ಹಾಗಾದರೆ ಅಂಚೆಯಲ್ಲಿ ಕಳಿಸಿ ಎಂದಳು. ಆನ್‌ಲೈನ್ ಅರ್ಜಿಯನ್ನು ಅಂಚೆಗೆ ಹಾಕಲು ಅವಕಾಶವಿಲ್ಲ. ಇನ್ನೊಂದು ಕಾಗದ ಬರೆಯುತ್ತೇನೆ ಎಂದಳು. ಒಂದೇ ಕೆಲಸಕ್ಕೆ ಮೊದಲನೆಯದು ತೆರೆಯುವ ತನಕ ಎರಡನೆಯದಕ್ಕೆ ನಂಬರು ಬೀಳುವುದಿಲ್ಲ. ಆಶ್ರಿತಾಳಿಗೆ ಅಲ್ಲಿಯೇ ಅಳು ಬಂತು. ಕಣ್ಣೀರು ಕವರಿನ ಮೇಲೆ ಬಿದ್ದೀತೆಂದು ಕರುಣಾಕರರು ಅದನ್ನು ಕಪಾಟಿಗೆ ಸೇರಿಸಿ ಬೀಗ ಹಾಕಿದರು. ಆಮೇಲೆ ಡೀನ್ ಅವರಿಗೆ, ತಾವು ಕೃಪೆದೋರಿ ಖುದ್ದಾಗಿ ಇಲ್ಲವೇ ಅಧಿಕೃತ ಪ್ರತಿನಿಧಿಯ ಮೂಲಕ ಕಾಪು ಕೇಂದ್ರಕ್ಕೆ ಹಾಜರಾಗಿ ಕವರನ್ನು ಒಡೆಯತಕ್ಕದ್ದು ಎಂದು ಬರೆದರು.

ಡೀನ್ ಹಟವಾದಿ ಮನುಷ್ಯ. ಮರುದಿನವೇ ಅವರ ಹೊಸ ಜಾಹೀರಾತು ಬಂತು: “ಕಾಪುವಿನಲ್ಲಿ ಒಂದು ಕವರು ಒಡೆಯಲು ಸ್ಥಳೀಯ ಪ್ರತಿನಿಧಿ ಬೇಕು. ಆಸಕ್ತರು ಕವರ್ ಲೆಟರ್ ಸಹಿತ ಅರ್ಜಿ ಸಲ್ಲಿಸಬಹುದು.”

ಶಿರ್ವದಿಂದ ಅಜೆಕಾರಿನವರೆಗೆ ನಲವತ್ತಮೂರು ಮಂದಿ ಕೇಂದ್ರದ ಮುಂದೆ ಸಾಲು ನಿಂತರು. ನಲವತ್ತಮೂರು ಕವರಿಗೂ ಅರಗು ಬಿತ್ತು, ನಂಬರು ಬಿತ್ತು, ಎರಡೂ ಬದಿಯ ಫೋಟೋ ಹೋಯಿತು. ಇಷ್ಟೊಂದು ಉದ್ಯೋಗಾವಕಾಶ ಸೃಷ್ಟಿಸಿದ್ದಕ್ಕೆ ಮೇಲಿನವರು ಕೇಂದ್ರವನ್ನು ಶ್ಲಾಘಿಸಿ ಇನ್ನೂ ಎರಡು ಕಪಾಟು ಮಂಜೂರು ಮಾಡಿದರು. ಮಗಳ ಕೆಲಸ ಎಂತ ಆಯಿತು ಎಂದು ಕೇಳುವ ಗಿರಾಕಿಗಳಿಗೆ ಅಪ್ಪಿ ಈಗ, ಕವರು ಒಳಗೆ ಉಂಟು ಎಂದು ಸಮಾಧಾನದಿಂದಲೇ ಹೇಳುತ್ತಾಳೆ.

ಆಶ್ರಿತಾ ಸಾಲಿನಲ್ಲಿ ಹದಿನೇಳನೆಯವಳಾಗಿ ನಿಂತಿದ್ದಳು. ತನ್ನ ಕವರನ್ನು ತಾನೇ ಒಡೆಯುವ ಕೆಲಸಕ್ಕೆ ಅರ್ಜಿ ಹಾಕಿ, ಹಿಂದೆ ನಿಂತವಳ ಕವರು ಒಂದು ಮೂಲೆಯಲ್ಲಿ ಬಿಟ್ಟುಕೊಂಡದ್ದು ಕಂಡು, ಸ್ವಲ್ಪ ಜಾಸ್ತಿ ಅಂಟು ಹಾಕಿಕೊಳ್ಳುವಂತೆ ಅವಳಿಗೆ ಬುದ್ಧಿ ಹೇಳಿದಳು.