ಮಾತು ನಿಂತರೆ ಓಟ ನಿಲ್ಲಿಸಬೇಕು

ನನ್ನ ಜೊತೆ ಓಡಲು ಬಂದವರಿಗೆ ಏನಾದರೊಂದು ಆಗದೆ ಇರುವುದಿಲ್ಲ. ತಪ್ಪು ನನ್ನದಲ್ಲ, ಪ್ರತಿಭೆ ಮಾತ್ರ ನನ್ನದು. ವೇಗವಾಗಿ ಓಡುವುದು ಯಾರಿಗಾದರೂ ಬರುತ್ತದೆ. ನಿಧಾನವಾಗಿ ಓಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಪುಣೆಯಲ್ಲಿ, ಪಿಂಪ್ರಿ-ಚಿಂಚವಾಡದಿಂದ ಕ್ಯಾಂಪ್ ಬಡಾವಣೆಯವರೆಗೆ, ಒಬ್ಬರೂ ಇಲ್ಲ. ಬೀದಿನಾಯಿಗಳು ನನ್ನನ್ನು ಅಟ್ಟಿಸಿಕೊಂಡು ಬಂದು, ಬೇಜಾರಾಗಿ, ನನ್ನನ್ನೇ ದಾಟಿ ಮುಂದೆ ಹೋಗಿವೆ.

ಮೌನಾಚರಣೆ

ನಮ್ಮದು ಪುಣೆ ಕನ್ನಡಿಗರ ಸಣ್ಣ ಓಟದ ಕ್ಲಬ್. ಕಳೆದ ಮಳೆಗಾಲದಲ್ಲಿ ನಮ್ಮೆಲ್ಲರಿಗಿಂತ ಜೋರಾಗಿ ಓಡುತ್ತಿದ್ದವನು ಗುಡ್ಡ ಹತ್ತುವಾಗ ಕುಸಿದುಬಿದ್ದ, ಏಳಲಿಲ್ಲ. ಎಲ್ಲದರಲ್ಲೂ ಮೊದಲು ಬರುವ ಚಟ ಅವನಿಗೆ. ಇದರಲ್ಲೂ ನಮಗಾಗಿ ಕಾಯಲಿಲ್ಲ.

ಮುಂದಿನ ಭಾನುವಾರ ಅದೇ ಗುಡ್ಡಕ್ಕೆ ಓಡಿ, ಅವನು ಬಿದ್ದ ಜಾಗದಲ್ಲೇ ಮೌನವಾಗಿ ನಿಂತೆವು. ಒಂದಿಷ್ಟು ಹೊತ್ತಾಗುವಷ್ಟರಲ್ಲಿ ಎಲ್ಲರ ಕೈಗಡಿಯಾರಗಳು ಕುಂಯ್ ಕುಂಯ್ ಅನ್ನತೊಡಗಿದವು. ಓಟಗಾರ ನಿಂತುಬಿಟ್ಟ ಅಂತ ಅವಕ್ಕೆ ಸಿಟ್ಟು. ಕ್ಲಬ್ಬಿನ ಕ್ಯಾಪ್ಟನ್ನರ ಮಣಿಕಟ್ಟಿನ ಗಡಿಯಾರದಿಂದಲಂತೂ ಒಬ್ಬ ಹೆಂಗಸು ಉತ್ಸಾಹದಿಂದ ಕೂಗಿದಳು: "ಕಮ್ ಆನ್! ಗೆಟ್ ಮೂವಿಂಗ್!"

ಎಲ್ಲರೂ ತಲೆ ತಗ್ಗಿಸಿದೆವು. ಸತ್ತವನ ಅಣ್ಣ ನನ್ನ ಪಕ್ಕದಲ್ಲೇ ಇದ್ದರು. ಕಣ್ಣು ಒರೆಸಿಕೊಂಡು ಮೆಲ್ಲಗೆ ಅಂದರು, "ನಮ್ಮ ತಮ್ಮಗ ಅವತ್ತ ಇದೊಂದು ಕೇಳಿಸಿದ್ರ ಎದ್ದು ಓಡತಿದ್ದ ನೋಡ್ರಿ."

ಒಪ್ಪಿಸಿದ್ದು

ಆ ಸಾವಿನ ಹೆದರಿಕೆಗೆ ಕ್ಲಬ್ಬಿನ ಇನ್ನೊಬ್ಬರು ಡಾಕ್ಟರಿಗೆ ಹೃದಯ ತೋರಿಸಿಕೊಂಡರು. ಕರಾವಳಿ ಕಡೆಯವರು, ಕ್ಯಾಂಪಿನಲ್ಲಿ ಹೋಟೆಲ್ ಇದೆ. ನಾವು ಅವರನ್ನು ಯಜಮಾನರು ಅನ್ನುತ್ತೇವೆ. ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಮನೆಯವರು ಆಮೇಲೆ ಅವರಿಗೆ ಒಂದು ಸೌಟು ಎತ್ತಲೂ ಬಿಡಲಿಲ್ಲ.

"ಗಾಜಿನ ಲೋಟದ ಹಾಗೆ ಎತ್ತಿಡ್ತಾರೆ ಮಾರಾಯ್ರೆ," ಅಂದರು ನನ್ನ ಹತ್ತಿರ. "ಹೀಗೆ ಬದುಕುವುದಕ್ಕಿಂತ ಒಂದು ಹಾಫ್ ಮ್ಯಾರಥಾನ್ ಓಡಿಯೇ ತೀರ್ತೇನೆ."

ಡಾಕ್ಟರು ತಿಂಗಳುಗಟ್ಟಲೆ ಪರೀಕ್ಷಿಸಿ ಕೊನೆಗೆ ಒಪ್ಪಿದರು, ಒಂದೇ ಷರತ್ತಿನ ಮೇಲೆ. ಓಡುತ್ತಾ ಆರಾಮಾಗಿ ಮಾತಾಡಲು ಬರಬೇಕು. ಮಾತು ನಿಂತಿತೋ, ಅಲ್ಲೇ ನಿಲ್ಲಬೇಕು.

ಅವರ ಹೆಂಡತಿ ನನ್ನ ಮನೆಗೇ ಬಂದರು. "ಅಣ್ಣ, ಕ್ಲಬ್ಬಿನಲ್ಲಿ ಉಳಿದವರೆಲ್ಲ ಓಡುವವರು. ನೀವೊಬ್ಬರೇ ಅಲ್ವಾ ಓಡಿದರೂ ನಡೆದ ಹಾಗೆ ಕಾಣುವುದು. ಅದಕ್ಕೇ ನಿಮಗೆ ಒಪ್ಪಿಸ್ತೇನೆ."

ಎದೆ ಉಬ್ಬಿತು. "ಚಿಂತಿ ಬ್ಯಾಡ್ರಿ ವೈನಿ. ನನ್ನ ಜೋಡಿ ಓಡಿ ಇವತ್ತಿನ ತನಕ ಯಾರಿಗೂ ದಮ್ಮು ಹತ್ತಿಲ್ಲ."

"ಹೋದ ಹಾಗೇ ವಾಪಸ್ ಕರ್ಕೊಂಡು ಬನ್ನಿ," ಅಂದವರು ಬಾಗಿಲಲ್ಲಿ ತಿರುಗಿ ನಿಂತರು. "ಇಲ್ಲದಿದ್ದರೆ ನೀವೂ ಬರುವುದು ಬೇಡ."

ಹಿಂದೊಂದು ಗಾಡಿ

ಓಟದ ದಿನ ಯಜಮಾನರ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸುಲಭ. "ಸಾಂಬಾರಿಗೆ ಬೆಲ್ಲ ಯಾಕ ಸುರೀತೀರಿ?" ಅಂತ ಕೇಳಿದೆ. ನಾಲ್ಕು ಕಿಲೋಮೀಟರ್ ಬೈದರು. ಬೈಗುಳ ಎಷ್ಟು ಗಟ್ಟಿಯೋ ಹೃದಯ ಅಷ್ಟು ಗಟ್ಟಿ ಅಂತ ನನಗೂ ಸಮಾಧಾನ. ಬೈಗುಳ ಇಳಿಯುವಂತೆ ಕಂಡಾಗ, "ಪಕ್ಕದ ಹೋಟೆಲಿನ ದ್ವಾಸಿ ಭಾಳ ಚಲೋ," ಅನ್ನುತ್ತಿದ್ದೆ.

ನನ್ನ ವಿದ್ಯೆಯ ಮಹಿಮೆಯಿಂದ ನಾವೇ ಎಲ್ಲರಿಗಿಂತ ಕೊನೆ. ಎಲ್ಲರಿಗಿಂತ ಕೊನೆಯವರ ಹಿಂದೆ ಆಂಬ್ಯುಲೆನ್ಸ್ ಬರಬೇಕೆಂಬುದು ಓಟದ ನಿಯಮ. ಬಿಳಿ ಟೀಶರ್ಟಿನ ನಾವಿಬ್ಬರು ತಲೆ ತಗ್ಗಿಸಿಕೊಂಡು ಮುಂದೆ, ಆ ಗಾಡಿ ತೆವಳುತ್ತಾ ಹಿಂದೆ. ರಸ್ತೆ ಬದಿಯಲ್ಲಿ ಜನ ಹೆಲ್ಮೆಟ್ ತೆಗೆದು ಕೈ ಮುಗಿಯತೊಡಗಿದರು. ಗಾಂಧಿ ಟೋಪಿಯ ಅಜ್ಜರೊಬ್ಬರು ಹತ್ತಿರ ಬಂದು, ಯಾರು ಹೋದರಪ್ಪಾ ಅಂತ ಮರಾಠಿಯಲ್ಲಿ ಮೆತ್ತಗೆ ಕೇಳಿದರು: "ಕೋಣ ಗೇಲಾ?"

"ಅಜೂನ್ ಕೋಣೀ ನಾಹೀ," ಅಂದೆ. ಇನ್ನೂ ಯಾರೂ ಇಲ್ಲ.

ಅಜ್ಜರು ಯಜಮಾನರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಯುತ್ತೇನೆ ಎಂಬಂತೆ ಕಟ್ಟೆಯ ಮೇಲೆ ಕೂತರು.

ಮಾತು ನಿಂತಾಗ

ಈ ಅವಮಾನ ಬೇಡವೆಂದು ಆಂಬ್ಯುಲೆನ್ಸಿನವರನ್ನು ಬೇಡಿಕೊಂಡು ಸಾಕಷ್ಟು ಹಿಂದೆ ಇರಲು ಒಪ್ಪಿಸಿದೆ. ಗುರಿಗೆ ಒಂದು ಕಿಲೋಮೀಟರ್ ಉಳಿದಿತ್ತು. ಬಾಳೆಹಣ್ಣು, ಶೇಂಗಾ ಚಿಕ್ಕಿ ಹಂಚುವ ಮೇಜಿನ ಹತ್ತಿರ ನಾನು ನೀರು ಕುಡಿದು ತಿರುಗಿದೆ. "ಬೆಲ್ಲ ಜಾಸ್ತಿ ಆತಲ್ಲರೀ?" ಅಂದೆ.

ಉತ್ತರವಿಲ್ಲ.

"ಪಕ್ಕದ ಹೋಟೆಲಿನ ದ್ವಾಸಿ..." ಅಂದೆ. ಅದಕ್ಕೂ ಇಲ್ಲ! ಮುಖ ಕೆಂಪು, ಕಣ್ಣು ದೊಡ್ಡದು, ಬಾಯಿ ಬಿಗಿ. ಕೈ ಮಾತ್ರ ಬೀಸುತ್ತಿದ್ದಾರೆ. ಗುಡ್ಡದ ಮೇಲೆ ಬಿದ್ದವನ ಮುಖ ಕಣ್ಣೆದುರು ಬಂತು.

"ಕೂಡ್ರಿ! ಇಲ್ಲೇ ಕೂಡ್ರಿ!" ಅಂತ ಕೂಗಿ, ಜೀವಮಾನದಲ್ಲಿ ಮೊದಲ ಸಲ ಜೋರಾಗಿ ಓಡಿದೆ, ಹಿಂದಕ್ಕೆ, ಆಂಬ್ಯುಲೆನ್ಸಿನ ಕಡೆಗೆ. ಮುಟ್ಟಿದಾಗ ಉಸಿರಿಲ್ಲ. ಗಾಡಿಯಲ್ಲಿದ್ದ ಡಾಕ್ಟರ್ ಹುಡುಗಿ ಕೇಳಿದಳು, "ಕಾಕಾ, ಕಾಯ ಝಾಲಂ?" ಏನಾಯಿತೆಂದು ಹೇಳಲು ಬಾಯಿ ತೆರೆದೆ, ಗಾಳಿಯಷ್ಟೇ ಬಂತು. ಮುಂದಕ್ಕೆ ಬೆರಳು ತೋರಿಸಿದೆ. ನಾಡಿ ನೋಡಲು ಆ ಕೈಯನ್ನೇ ಹಿಡಿದುಕೊಂಡಳು. ಮಾತಾಡಲು ಆಗದವನನ್ನು ಏನು ಮಾಡಬೇಕೋ ಅದನ್ನೇ ಮಾಡಿದರು: ಸ್ಟ್ರೆಚರಿನ ಮೇಲೆ ಮಲಗಿಸಿ ಬೆಲ್ಟು ಬಿಗಿದರು, ಮೂಗಿಗೆ ಆಮ್ಲಜನಕದ ಮಾಸ್ಕ್.

"ಪೇಶಂಟ್ ನಾನಲ್ಲ!" ಅಂತ ಮಾಸ್ಕಿನೊಳಗೇ ಒದರಿದೆ.

"ಎಲ್ಲರೂ ಹಾಗೇ ಹೇಳೋದು ಕಾಕಾ," ಅಂತ ಮರಾಠಿಯಲ್ಲಿ ಸಮಾಧಾನ ಮಾಡಿದಳು.

ಸೈರನ್ ಹಾಕಿಕೊಂಡು ಗಾಡಿ ಗುರಿಯ ಹತ್ತಿರದ ಚಿಕಿತ್ಸಾ ಡೇರೆಯ ಕಡೆಗೆ ಹಾರಿತು. ಕಿಟಕಿಯಲ್ಲಿ ಯಜಮಾನರು ಕಂಡರು. ಹಲ್ಲಿನ ಸೆಟ್ ಕೈಯಲ್ಲಿ ಹಿಡಿದು, ಅದಕ್ಕೆ ಅಂಟಿ ಬಾಯಿ ಮುಚ್ಚಿಸಿದ್ದ ದೊಡ್ಡ ಚಿಕ್ಕಿ ತುಂಡನ್ನು ಕೀಳುತ್ತಾ, ಹಾಯಾಗಿ ಹೆಜ್ಜೆ ಹಾಕುತ್ತಿದ್ದರು.

ಗುರಿಯ ಹತ್ತಿರ ಅವರ ಹೆಂಡತಿ, ಆ ಸೈರನ್ ಕೇಳಿ, "ಅಯ್ಯೋ ದೇವರೇ!" ಎಂದು ಎದೆ ಬಡಿದುಕೊಳ್ಳುತ್ತಾ ಓಡಿ ಬಂದರು. ಹಿಂದೆ ಕ್ಲಬ್ಬಿನ ಹೆಂಗಸರೆಲ್ಲ. ಬಾಗಿಲು ತೆರೆಯಿತು. ನನ್ನನ್ನು, ಬೆಲ್ಟನ್ನು, ಮಾಸ್ಕನ್ನು ನೋಡಿದರು. ಮುಖ ಹುಣ್ಣಿಮೆಯಾಯಿತು. ಎರಡೂ ಕೈ ಜೋಡಿಸಿ ಆಕಾಶಕ್ಕೆ ಮುಗಿದರು. ಆಮೇಲೆ ಹಿಂದಿನವರ ಕಡೆ ತಿರುಗಿ ಸಂತೋಷದಿಂದ ಕೂಗಿ ಹೇಳಿದರು:

"ಗಾಬರಿ ಬೇಡ, ಎಲ್ಲ ಸರಿ ಉಂಟು! ನಮ್ಮವರಲ್ಲ!"