ಕಿರುಬೆರಳು ಎತ್ತಿದ ತಪ್ಪಿಗೆ

ಮಾನ್ವಿಯಲ್ಲಿ ನಮ್ಮ ಮನೆತನವನ್ನು ಅರಿಯದವರಿಲ್ಲ. ಬೇಸಿಗೆ ಬಂತೆಂದರೆ ನಮ್ಮಜ್ಜ ಬಾಗಿಲ ಮುಂದೆ ಅರವಟ್ಟಿಗೆ ಇಟ್ಟು, ಜಾತಿ ಕೇಳದೆ ನೀರು ಕೊಟ್ಟವರು. ಅಪ್ಪ ಅದನ್ನು ನಡೆಸಿಕೊಂಡು ಬಂದರು. ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದರು. ಅಲ್ಲಿ ಕಲಿತ ಶಿಸ್ತಿನಿಂದಲೇ ರಾಯಚೂರಿನ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿಗೆ ಮೇಟ್ರನ್ ಆಗಿದ್ದೇನೆ. ಇಲ್ಲಿ ನಗು ಬರದ ದಿನವಿಲ್ಲ. ನಗು ತಡೆಯುವುದೇ ಅರ್ಧ ಕೆಲಸ.

ಅಡುಗೆಮನೆಗೆ ಅವಮಾನ

ದೇವದುರ್ಗದ ಕಡೆಯ ಹಳ್ಳಿಯಿಂದ ಅಜ್ಜಿಯೊಬ್ಬಳು ಎಂಟು ವರ್ಷದ ಮೊಮ್ಮಗಳನ್ನು ಕರೆತಂದಳು. ಹುಡುಗಿ ಪಕ್ಕೆ ಹಿಡಿದು ನರಳುತ್ತಿದ್ದಳು. ಮೂತ್ರ ಕೆಂಪಗಿತ್ತು.

"ಸಾಲಿ ತಪ್ಪಿಸಾಕ ನಾಟಕ ಅಂತಾರ್ರಿ ಮಾಸ್ತರು," ಎಂದಳು ಅಜ್ಜಿ.

ಸ್ಕ್ಯಾನಿಂಗ್‌ನಲ್ಲಿ ನಾಟಕ ಕಾಣಲಿಲ್ಲ. ಮೂತ್ರನಾಳದಲ್ಲಿ ಸಣ್ಣ ಕಲ್ಲು ಕಂಡಿತು.

ಅಜ್ಜಿ ಸಿಡಿದಳು. "ಕಲ್ಲಾ? ನಾನು ಅಕ್ಕಿ ಆರಿಸೇ ತೊಳೀತೀನ್ರಿ! ಬೇಕಾದ್ರ ಮನಿಗೆ ಬಂದು ನೋಡ್ರಿ!"

ಇದು ತಿಂದ ಕಲ್ಲಲ್ಲ. ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಒಳಗೇ ಹರಳು ಕಟ್ಟುತ್ತದೆ ಎಂದು ವಿವರಿಸಿದೆ. ಅಜ್ಜಿ ಪೂರ್ತಿ ಕೇಳಿ, ಡಾಕ್ಟರ ಕಡೆ ತಿರುಗಿದಳು.

"ಹಂಗಾರ ಚೀಟ್ಯಾಗ ಬರೀರಿ ಸಾಹೇಬ್ರ, ಈ ಕಲ್ಲು ನನ್ನ ಅಡಿಗಿಮನಿದಲ್ಲ ಅಂತ."

ಕಳೆದುಹೋದ ಕಲ್ಲು

ಕಲ್ಲು ಸಣ್ಣದು, ನೋವಿಗೆ ಔಷಧಿ ಕೊಟ್ಟು ನೀರು ಕುಡಿಸಿದರೆ ತಾನೇ ಇಳಿದೀತು ಎಂದರು ಡಾಕ್ಟರು. ಆದರೆ ಮೂತ್ರ ಸೋಸಿ ಕಲ್ಲನ್ನು ಹಿಡಿದಿಡಬೇಕು. ಪರೀಕ್ಷೆ ಮಾಡಿಸಿದರೆ ಅದು ಯಾವ ಬಗೆಯದು, ಮತ್ತೆ ಬಾರದಂತೆ ಏನು ಮಾಡಬೇಕು ಎಂದು ತಿಳಿಯುತ್ತದೆ. ಅಜ್ಜಿಯ ಕೈಗೆ ಜಾಲರಿ ಕೊಟ್ಟು ಹೇಳಿದ್ದೆ.

ಮರುದಿನ ಕಲ್ಲು ಇಳಿದು, ಹುಡುಗಿ ನಗುತ್ತ ಕೂತಿದ್ದಳು.

"ಕಲ್ಲು ಎಲ್ಲಿ?" ಎಂದು ಅಜ್ಜಿಯನ್ನು ಕೇಳಿದೆ.

"ಇಂಥಾ ಪೀಡಾ ಯಾರರ ಇಟ್ಕೊಳ್ತಾರೇನ್ರಿ? ಕೂಸಿಗೆ ದೃಷ್ಟಿ ತಗದು, ಮೂರು ದಾರಿ ಕೂಡೋ ಕಡಿ ಒಗದು ಬಂದೀನಿ. ಹಿಂದ ತಿರುಗಿ ಸೈತ ನೋಡಿಲ್ಲ!"

ಗಂಜಿ ಹಾಕಿದ ಸೀರೆಯಲ್ಲಿ ನಾನು ಆ ಕೂಡುದಾರಿಯಲ್ಲಿ ಬಗ್ಗಿ ಹುಡುಕಿದೆ. ಆಟೋದವನೊಬ್ಬ ನಿಲ್ಲಿಸಿದ.

"ಏನ್ ಕಳಕೊಂಡೀರಿ ಮೇಡಂ, ಬಂಗಾರಾ?"

"ಕಲ್ಲು."

"ರಾಯಚೂರಾಗ ಕಲ್ಲು ಹುಡುಕಾಕ ಇಷ್ಟು ಬಗ್ಗಬೇಕೇನ್ರಿ? ಹತ್ರಿ, ಗುಡ್ಡಕ್ಕ ಬಿಡ್ತೀನಿ!"

ಕಿರುಬೆರಳು

ಕಲ್ಲು ಸಿಗಲಿಲ್ಲ. ಡಾಕ್ಟರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿದರು, ಬೇರೆ ದೋಷ ಕಾಣಲಿಲ್ಲ. ಊಟ ನೀರಿನ ವಿಚಾರ ಕೇಳಿದರು.

"ಸಾಲ್ಯಾಗ ನೀರು ಕುಡಿಯಂಗಿಲ್ರಿ," ಎಂದಳು ಹುಡುಗಿ.

"ಯಾಕವ್ವಾ?" ಎಂದೆ.

ಕಿರುಬೆರಳು ಎತ್ತಿ, ಥಟ್ಟನೆ ಮುಷ್ಟಿಯೊಳಗೆ ಬಚ್ಚಿಟ್ಟಳು. "ಒಂದಕ್ಕ ಹೋಗ್ತೀನಿ ಅಂದ್ರ ಸರ್ ಬೈತಾರ."

ಕಾರಣ ಆ ಮುಷ್ಟಿಯಲ್ಲಿತ್ತು. ಒಂದು ನೀರಿನ ಬಾಟಲಿ ಕೊಡಿಸಿದೆ. ಮೂತ್ರ ತಿಳಿಯಾಗುವಷ್ಟು ನೀರು ಕುಡಿ, ಬಂದರೆ ತಡೆಯಬೇಡ, ಉಪ್ಪಿನ ಕುರುಕಲು ಕಡಿಮೆ ಮಾಡು ಎಂದೆ. ಬಾಟಲಿಯನ್ನು ಗೊಂಬೆಯಂತೆ ಅಪ್ಪಿಕೊಂಡು ಊರಿಗೆ ಹೋದಳು.

ಮೊನ್ನೆ ಮರುತಪಾಸಣೆಗೆ ಬಂದಾಗ ಅಜ್ಜಿ ಮುಂದಿನದನ್ನು ಹೇಳಿದಳು. ಹುಡುಗಿ ತರಗತಿಗೆಲ್ಲ ಕಲ್ಲಿನ ಕಥೆ ಹೇಳಿದ್ದಳಂತೆ. ಹೆದರಿ ಎಲ್ಲರೂ ನೀರು ಕುಡಿದಿದ್ದರು. ಲೆಕ್ಕದ ಪಾಠದ ನಡುವೆ ಸಾಲುಸಾಲಾಗಿ ಕಿರುಬೆರಳುಗಳು ಎದ್ದವು. "ಯಾರೂ ಏಳಬ್ಯಾಡ್ರಿ!" ಎಂದು ಗದರಿದ ಮಾಸ್ತರು ಸ್ವಲ್ಪ ಹೊತ್ತಿಗೆ ತಾವೇ ಎದ್ದು ಹೊರಗೆ ಹೋಗಿಬಂದರು. ಹುಡುಗಿ ಕೈಕಟ್ಟಿ ನಿಂತು ಕೇಳಿದಳು:

"ಸರ್, ನೀವು ಯಾರನ್ನ ಕೇಳಿ ಹೋಗಿದ್ರಿ?"

ಡ್ಯೂಟಿಯಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಅಜ್ಜಿ ನಗಲಿಲ್ಲ.

"ಬಾಟ್ಲಿ ಕಸಗೊಂಡು ಬಿಸಿಲಾಗ ನಿಲ್ಲಿಸ್ಯಾರ್ರಿ. ಆಸ್ಪತ್ರ್ಯಾಗ ಸುಳ್ಳು ಕಲಿಸಿ ಕಳಸ್ಯಾರ ಅಂದ್ರಂತ. ಈಗ ಮತ್ತ ನೀರು ಮುಟ್ಟವಲ್ಲಳು."

ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಕಿರುಬೆರಳು ಮುಷ್ಟಿಯೊಳಗಿತ್ತು.

ನನ್ನನ್ನು ಸುಳ್ಳುಗಾತಿ ಎಂದದ್ದನ್ನು ನುಂಗಿಕೊಳ್ಳುತ್ತೇನೆ. ಆದರೆ ದಾರಿಹೋಕರಿಗೂ ನೀರು ಕೊಟ್ಟ ಮನೆಯಲ್ಲಿ ಹುಟ್ಟಿದವಳು, ಮಗುವಿನ ಕೈಯಿಂದ ನೀರು ಕಸಿದದ್ದನ್ನು ನುಂಗಲಾರೆ. ಮಾಸ್ತರೇ, ಆ ಬಾಟಲಿಯನ್ನು ತುಂಬಿಸಿ ಅವಳ ಕೈಗೆ ಕೊಡಿ. ತರಗತಿಯ ಎದುರು ನಿಂತು ಅವಳ ಕ್ಷಮೆ ಕೇಳಿ.