ನಾಡಿಯ ನೋಟ್‌ಬುಕ್ಕು

ದೇವರಿಗೆ ಸುಳ್ಳು ಹೇಳುವವರಿದ್ದಾರೆ, ಹೆಂಡತಿಗೆ ಹೇಳುವವರಂತೂ ಎಲ್ಲರೂ. ನಾನು ನನ್ನ ಹೃದಯದ ಬಗ್ಗೆಯೇ ಸುಳ್ಳು ಬರೆದವನು. ಅದೂ ಪರೀಕ್ಷೆಯಲ್ಲಿ ನಕಲು ಮಾಡುವ ಹುಡುಗರನ್ನು ಹಿಡಿದೇ ಹೆಸರು ಮಾಡಿದ ಕಾಗವಾಡದ ಗಣಿತದ ಮಾಸ್ತರ!

ಎಂಬತ್ತರ ದಶಕದ ಕೊನೆ. ಹೃದಯಾಘಾತವಾಗಿ ಮಿರಜದ ದವಾಖಾನೆಯಲ್ಲಿ ಮಲಗಿ ಎದ್ದಿದ್ದೆ. ಡಾಕ್ಟರು ಹೇಳಿದರು: "ದಿನಾ ಮುಂಜಾನೆ ಅಡ್ಡಾಡ್ರಿ ಮಾಸ್ತರ. ನಡುವ ನಿಂತು ನಾಡಿ ಎಣಸ್ರಿ. ನೂರಾಹತ್ತು ದಾಟಿದ್ರ ಸಾವಕಾಶ ನಡೀರಿ, ತೊಂಬತ್ತೈದರ ಕೆಳಗ ಇದ್ರ ಜರಾ ಜೋರ್. ಬರದಿಟ್ಟು ತಿಂಗಳಿಗೆ ತೋರಸ್ರಿ. ಶಾಲಿಗೆ ಹೋಗೂದು ಆಮ್ಯಾಲೆ ನೋಡೋಣು." ಶಾಲೆಯಿಲ್ಲದೆ ಮನೆಯಲ್ಲಿ ಕೂತು ಗೋಡೆ ನೋಡುವುದು ನನಗೆ ಆ ಎದೆನೋವಿಗಿಂತ ಕಷ್ಟವಾಗಿತ್ತು. ಇನ್ನು ಇಷ್ಟೇ ಏನೋ ಎಂಬ ಹೆದರಿಕೆ ಬೇರೆ.

ಆದರೆ ನಮ್ಮ ಕಡೆ ಸುಮ್ಮನೆ ನಡೆಯಲು ಯಾರು ಬಿಡುತ್ತಾರೆ? ಗುರುತಿನವರು ನಡೆದು ಹೊರಟಿದ್ದನ್ನು ಕಂಡೂ ಗಾಡಿ ನಿಲ್ಲಿಸದವನನ್ನು ಊರು ಮನುಷ್ಯ ಎನ್ನುವುದಿಲ್ಲ. ಮೊದಲ ದಿನವೇ ನನ್ನ ಹಳೆಯ ವಿದ್ಯಾರ್ಥಿ, ದ್ರಾಕ್ಷಿ ತೋಟದ ಅಣ್ಣಾಸಾಹೇಬ ಮೋಟಾರ್ ಸೈಕಲ್ ನಿಲ್ಲಿಸಿದ. "ಹತ್ರಿ ಸರ್, ಎಲ್ಲಿಗಿ ಹೊಂಟೀರಿ?" "ಎಲ್ಲಿಗೂ ಇಲ್ಲಪಾ, ಅಡ್ಡಾಡಾಕ." ಅವನ ಮುಖ ಸಣ್ಣದಾಯಿತು. "ನನ್ನ ಗಾಡಿ ಮ್ಯಾಲೆ ಕೂಡಾಕ ಮನಸಿಲ್ಲಂತ ಹೇಳ್ರಲಾ." ಹತ್ತಿದೆ. ಮರುದಿನ ಕಬ್ಬಿನ ಟ್ರ್ಯಾಕ್ಟರ್, ಅದರ ಮರುದಿನ ಹಾಲಿನವನ ಸೈಕಲ್ಲಿನ ಕ್ಯಾರಿಯರ್. ಕೂತಲ್ಲೇ ಎಣಿಸಿದರೆ ನಾಡಿ ಎಪ್ಪತ್ತೆಂಟು. ಡಾಕ್ಟರು ಬೈಯಬಾರದೆಂದು ಮೂವತ್ತು ಕೂಡಿಸಿ ನೂರಾಎಂಟು ಎಂದು ಬರೆದೆ. ಲೆಕ್ಕ ಬಲ್ಲವನಿಗೆ ಇದೇನು ಮಹಾ? ತಿಂಗಳಾದ ಮೇಲೆ ಡಾಕ್ಟರು ನೋಟ್‌ಬುಕ್ಕು ಮೆಚ್ಚಿ, ದವಾಖಾನೆಯ ಮೆಟ್ಟಿಲು ಹತ್ತಿಸಿದರು. ಅರ್ಧಕ್ಕೇ ಏದುಸಿರು, ನಾಡಿ ನೂರಾಮೂವತ್ತು. "ಮಾಸ್ತರ, ಇದನ್ನ ಯಾರದ ನೋಡಿ ಬರದೀರಿ?" ಎಂದರು. ಶಾಲೆ ಇನ್ನೊಂದು ತಿಂಗಳು ದೂರ ಹೋಯಿತು. ನಾಚಿಕೆಯಿಂದ ಕಣ್ಣಲ್ಲಿ ನೀರೇ ಬಂತು.

ಹೆಂಡತಿ ಸುನಂದಾ ಬೈಯಲಿಲ್ಲ. "ನಾಳಿಂದ ನಾನೂ ಬರ್ತೀನ್ರಿ" ಎಂದಳಷ್ಟೇ. ಗಂಡಹೆಂಡತಿ ಜೋಡಿಯಾಗಿ ಹೊರಟರೆ ಗಾಡಿ ನಿಲ್ಲಿಸುವ ಧೈರ್ಯ ಯಾರಿಗಿದೆ? ಇಪ್ಪತ್ತೈದು ವರ್ಷ ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದವಳು ಪಕ್ಕಕ್ಕೆ ಬಂದಳು. ನನ್ನ ಗಡಿಯಾರ ತನ್ನ ಕೈಗೆ ಕಟ್ಟಿಕೊಂಡು, ನಡುರಸ್ತೆಯಲ್ಲಿ ನನ್ನ ಕೈ ಹಿಡಿದು ತಾನೇ ನಾಡಿ ಎಣಿಸತೊಡಗಿದಳು. ನೀರಿಗೆ ಹೊರಟ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನೂರಾ ಹದಿನಾರು. ಸಾವಕಾಶ." ಮತ್ತೆ ಸ್ವಲ್ಪ ಹೊತ್ತಿಗೆ, "ಎಂಬತ್ತೆಂಟು! ಏನ್ರಿ, ಮದವಿ ಮೆರವಣಿಗಿ ಹೊಂಟೈತೇನು? ನಡೀರಿ." ಮೊದಮೊದಲು ಬಸ್‌ಸ್ಟ್ಯಾಂಡಿಗೇ ನೂರಾಹತ್ತು ಮುಟ್ಟುತ್ತಿತ್ತು. ಎರಡು ವಾರಕ್ಕೆ ಅದೇ ನಾಡಿಯಲ್ಲಿ ಊರು ದಾಟಿದೆವು. ತಿಂಗಳ ಕೊನೆಗೆ ಕಬ್ಬಿನ ಗದ್ದೆಗಳಾಚೆಯ ದಿಬ್ಬದ ಮೇಲೆ ನಿಂತು, ನಾನು ಬದುಕುತ್ತೇನೆ ಎಂದು ಮೊದಲ ಸಲ ನನಗೆ ನಿಜವಾಗಿ ಅನ್ನಿಸಿತು. ಈ ಸಲ ಡಾಕ್ಟರು, "ಸೋಮವಾರದಿಂದ ಶಾಲಿಗೆ ಹೋಗ್ರಿ, ಅಡ್ಡಾಡೂದು ಬಿಡಬ್ಯಾಡ್ರಿ" ಎಂದರು.

ಸಂತೋಷದಲ್ಲಿ ನಾನು ದೊಡ್ಡ ಮನಸ್ಸು ಮಾಡಿ, "ನಾಳಿಂದ ನೀ ತ್ರಾಸ್ ತಗೋಬ್ಯಾಡ, ನಾ ಒಬ್ಬನ ಹೋಗ್ತೀನಿ" ಎಂದೆ. ಮರುದಿನ ಎದ್ದು ನೋಡಿದರೆ ಅವಳು ಆಗಲೇ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದ್ದಳು. "ನಿಮ್ಮ ಸಲುವಾಗಿ ಯಾರು ಹೊಂಟಾರ? ಇಷ್ಟು ವರ್ಷಕ್ಕ ಮುಂಜಾನೆ ಊರು ನೋಡಾಕತ್ತೀನಿ. ನೀವು ಬರೂದಿದ್ರ ಬರ್ರಿ." ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹಿಂದೆ ಹೊರಟೆ. ಅವಳು ಓಣಿಯ ತಿರುವು ದಾಟಿದ್ದಳು. ನಾಡಿ ಎಣಿಸೋಣವೆಂದರೆ ಗಡಿಯಾರವೂ ಅವಳ ಕೈಯಲ್ಲೇ ಇತ್ತು.